ನಮ್ಮ ಕಾಳಿಯೊನ ಮುಪ್ಪಿನ ದಿನಗಳು



ಯುವ ವಿಭಾಗಕ್ಕೆ ಒಂದು ಲೇಖನ ಬೇಕೆಂದು ನಮ್ಮ ಸಂಪಾದಕರು ಫೋನ್ ಮಾಡಿದಾಗ, ಎಂದಿನಂತೆ ಹೋಳಿಗೆಯ ಮೇಲೋ ಎಳ್ಳುಂಡೆಯ ಮೇಲೋ ಬರೆದು ಕೊಡುತ್ತೇನೆ ಎಂದೆ. "ಅದು ಬ್ಯಾಡ್ರಿ, ಮಕ್ಕಳು ಓದೋವಂಥಾದ್ದು ಬರೀರಿ" ಎಂದರು. ಹೋಳಿಗೆಯನ್ನು ನೀವು ತಿನ್ನುತ್ತೀರೇ ಹೊರತು ಓದುವುದಿಲ್ಲ ಎಂಬುದು ಅವರ ಅನುಭವವಿರಬೇಕು! ಹಾಗಾದರೆ ಏನು ಬರೆಯಲಿ ಎಂದು ಎರಡು ದಿನ ಯೋಚಿಸಿದೆ. ಇತ್ತೀಚಿನ ವರ್ಷಗಳಲ್ಲಿ ನಾನು ನಿಜವಾಗಿ ಕಲಿತ ವಿದ್ಯೆ ಯಾವುದೆಂದು ಕೇಳಿಕೊಂಡರೆ, ಸಂಕೋಚವಿಲ್ಲದೆ ಹೇಳಬೇಕು, ಅದು ನಡೆಯಲಾಗದ ಒಂದು ಮುದಿ ಬೀದಿನಾಯಿಯನ್ನು ನೋಡಿಕೊಳ್ಳುವ ವಿದ್ಯೆ. ಅದನ್ನೇ ಬರೆಯುತ್ತೇನೆ.

ಭಾನುವಾರದ ಕನ್ನಡ ತರಗತಿಗೆ ನಾರಣಪುರಾದ ನಮ್ಮ ಮನೆಗೆ ಬರುತ್ತಿದ್ದವರಿಗೆ ಕಾಳಿಯೊ ನೆನಪಿರಬೇಕು. ಬಾಗಿಲ ಪಕ್ಕದಲ್ಲಿ ಕೌದಿಯ ಮೇಲೆ ಮಲಗಿ, ನಿಮ್ಮ ಚಪ್ಪಲಿಗಳನ್ನು ಒಂದೊಂದಾಗಿ ಮೂಸುತ್ತಿದ್ದ ಕರಿಯ ನಾಯಿ. ನಿಮ್ಮಲ್ಲಿ ಕೆಲವರು ಅದನ್ನು ದಾಟಲು ಹೆದರಿ ಮೆಟ್ಟಿಲ ಮೇಲೇ ನಿಂತುಬಿಡುತ್ತಿದ್ದಿರಿ. ಇನ್ನು ಕೆಲವರು ಒತ್ತಕ್ಷರ ಬರೆಯುವುದನ್ನು ಬಿಟ್ಟು ಅದರ ಕಿವಿ ಕೆರೆಯುತ್ತ ಕೂರುತ್ತಿದ್ದಿರಿ. ಯಾರು ಯಾರೆಂದು ನನಗೆ ಚೆನ್ನಾಗಿ ನೆನಪಿದೆ, ಇಲ್ಲಿ ಹೇಳುವುದಿಲ್ಲ.

ಅದಕ್ಕೆ ಹೆಸರಿಟ್ಟವರು ನಮ್ಮ ಸೊಸೈಟಿಯ ಚೌಕೀದಾರ್ ಕಾಕಾ. ಗುಜರಾತಿನಲ್ಲಿ ಕರಿಯ ನಾಯಿಯೆಂದರೆ ಹತ್ತಕ್ಕೆ ಎಂಟು ಕಾಳಿಯೊಗಳೇ. ಗೇಟಿನ ಹತ್ತಿರವೇ ಅದರ ವಾಸ, ಅದರ ಕೆಲಸ. ಇಲ್ಲಿಯ ಮನೆಗಳಲ್ಲಿ ಮೊದಲ ರೋಟ್ಲಿ ಹಸುವಿಗೆ, ಕೊನೆಯದು ನಾಯಿಗೆ ಎಂಬ ಪದ್ಧತಿ ಇದೆಯಲ್ಲ, ಆ ಕೊನೆಯ ರೋಟ್ಲಿಗಳ ಮೇಲೆ ಅದು ದೊಡ್ಡದಾಯಿತು. 2019ರ ಒಂದು ಸಂಜೆ ಯಾರೋ ಹಿಂದಕ್ಕೆ ತೆಗೆದ ಕಾರಿನಡಿ ಅದರ ಸೊಂಟ ಸಿಕ್ಕಿತು. ಆಗ ಕಾಲೇಜು ಮುಗಿಸಿ ಮನೆಯಲ್ಲಿದ್ದ ನನ್ನ ಮಗಳು ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ರಿಕ್ಷಾದಲ್ಲಿ ಡಾಕ್ಟರ ಬಳಿ ಒಯ್ದಳು. ಹಲ್ಲು ನೋಡಿ ಎಂಟೊಂಬತ್ತು ವರ್ಷದ ನಾಯಿ ಎಂದರು. ಸೊಂಟದ ಮೂಳೆ ಬಿರುಕು ಬಿಟ್ಟಿದೆ, ಆರು ವಾರ ಓಡಾಡಲು ಬಿಡಬೇಡಿ ಎಂದರು. ಆರು ವಾರ ಎಲ್ಲಿಡುವುದು? "ಅಮ್ಮ, ಆರೇ ವಾರ" ಎಂದು ಮಗಳು ನಮ್ಮ ಮೊದಲ ಮಹಡಿಯ ಮನೆಯ ಬಾಗಿಲೊಳಗೆ ಅದನ್ನು ತಂದಿಟ್ಟಳು.

ಆ ಆರು ವಾರ ಆರು ವರ್ಷವಾಗುತ್ತ ಬಂತು. 2021ರಲ್ಲಿ ಅವಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಹೊರಟುಹೋದಳು. ಹೋಗಲೇಬೇಕಲ್ಲ, ನಾವೇ ಓದಿಸಿದ್ದು ಅದಕ್ಕಾಗಿ. ನಾಯಿ ನನ್ನ ಪಾಲಿಗೆ ಉಳಿಯಿತು. 2022ರ ಚಳಿಗಾಲದಲ್ಲಿ, ಹಳೆಯ ಪೆಟ್ಟಿನ ಜಾಗದಲ್ಲಿ ಸಂಧಿವಾತ ಸೇರಿಕೊಂಡು, ಒಂದು ಬೆಳಿಗ್ಗೆ ಕಾಳಿಯೊ ಎದ್ದು ನಿಲ್ಲಲು ಹೋಗಿ ಹಿಂಗಾಲು ಜಾರಿ ಕುಸಿದು ಕೂತಿತು. ಮತ್ತೆ ಪ್ರಯತ್ನಿಸಿತು. ಮೂರನೆಯ ಸಲ ಪ್ರಯತ್ನಿಸಲಿಲ್ಲ, ನನ್ನ ಮುಖ ನೋಡಿತು.

ಬಿ.ಎ.ಯಲ್ಲಿ ಇಂಗ್ಲಿಷ್ ಓದುವಾಗ ಧಾರವಾಡದಲ್ಲಿ ನಮಗೆ ಹೋಮರನ ಒಡಿಸ್ಸಿಯ ಕೆಲವು ಭಾಗಗಳಿದ್ದವು. ಅದರಲ್ಲಿ ಆರ್ಗೋಸ್ ಎಂಬ ನಾಯಿ ಬರುತ್ತದೆ. ಯಜಮಾನ ಒಡಿಸ್ಸಿಯಸ್ ಯುದ್ಧಕ್ಕೆ ಹೋಗಿ ಇಪ್ಪತ್ತು ವರ್ಷವಾಗಿದೆ. ಪ್ರಾಯದಲ್ಲಿ ಅದನ್ನು ಊರ ಹುಡುಗರು ಬೇಟೆಗೆ ಕರೆದುಕೊಂಡು ಹೋಗುತ್ತಿದ್ದರು. ಮುದಿಯಾದ ಮೇಲೆ ಕೇಳುವವರಿಲ್ಲ, ಬಾಗಿಲ ಮುಂದಿನ ತಿಪ್ಪೆಯ ಮೇಲೆ ಮೈತುಂಬ ಉಣ್ಣೆ ಹತ್ತಿಸಿಕೊಂಡು ಬಿದ್ದಿದೆ. ವೇಷ ಮರೆಸಿಕೊಂಡು ಬಂದ ಯಜಮಾನನನ್ನು ಗುರುತಿಸಿ ಬಾಲ ಆಡಿಸುತ್ತದೆ, ಕಿವಿ ಇಳಿಸುತ್ತದೆ, ಆದರೆ ಎದ್ದು ಹತ್ತಿರ ಹೋಗಲಾರದು. ಅಲ್ಲೇ ಪ್ರಾಣ ಬಿಡುತ್ತದೆ. ಆಗ ನಾವು ಹುಡುಗಿಯರೆಲ್ಲ ಆ ನಾಯಿಯ ನಿಷ್ಠೆಗೆ ಕಣ್ಣೀರು ಹಾಕಿದ್ದೆವು. ಈಗ ಓದಿದರೆ ನನಗೆ ಬೇರೆಯೇ ಪ್ರಶ್ನೆ ಬರುತ್ತದೆ: ಅಷ್ಟು ದೊಡ್ಡ ಅರಮನೆಯಲ್ಲಿ ಅದನ್ನು ತಿಪ್ಪೆಯಿಂದ ಎತ್ತಿ ಒಂದು ಹಳೆಯ ಕಂಬಳಿಯ ಮೇಲೆ ಮಲಗಿಸಲು ಒಬ್ಬರಿಗೂ ತೋಚಲಿಲ್ಲವೇ?

ಆದರೆ ನಾನೇನು ಮಹಾ ಬುದ್ಧಿವಂತೆಯಾಗಿದ್ದೆ ಎಂದುಕೊಳ್ಳಬೇಡಿ. ನಾನು ಮೊದಲು ಮಾಡಿದ ಕೆಲಸ ಕಾಳಿಯೊನನ್ನು ಕೊಂದೇಬಿಡುತ್ತಿತ್ತು. ನನಗೂ ಮೊಣಕಾಲು ನೋವು, ಅದಕ್ಕೂ ಕಾಲು ನೋವು, ನನಗೆ ಆರಾಮ ಕೊಡುವ ಮಾತ್ರೆ ಅದಕ್ಕೂ ಕೊಟ್ಟೀತು ಎಂದು ನನ್ನ ಐಬುಪ್ರೊಫೆನ್ ಮಾತ್ರೆಯಲ್ಲಿ ಅರ್ಧ ಮುರಿದು ಮೊಸರನ್ನದಲ್ಲಿ ಕಲಸಿ ಹಾಕಿದೆ. ಎರಡು ದಿನ ಹಾಕಿದೆ. ಮೂರನೆಯ ದಿನ ವಾಂತಿ, ಮಲ ಡಾಂಬರಿನಂತೆ ಕಪ್ಪು. ಡಾಕ್ಟರು ಮೂರು ದಿನ ಸಲೈನ್ ಏರಿಸಿದರು, ನನಗೆ ಯಥೇಚ್ಛವಾಗಿ ಬೈದರು. ಮನುಷ್ಯರ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಕೂಡ ಮನಸ್ಸಿಗೆ ಬಂದಂತೆ ಕೊಡುವಂಥದ್ದಲ್ಲ. ನಾಯಿಗಳಿಗೆಂದೇ ನೋವಿನ ಔಷಧಗಳಿವೆ, ತೂಕ ನೋಡಿ, ರಕ್ತ ಪರೀಕ್ಷೆ ಮಾಡಿ ಡಾಕ್ಟರೇ ಬರೆದುಕೊಡಬೇಕು. ಈ ಲೇಖನದಲ್ಲಿ ನೀವು ಇನ್ನೇನು ಮರೆತರೂ ಇದೊಂದನ್ನು ಮರೆಯಬೇಡಿ. ಹಾಗೆಯೇ, ನಿನ್ನೆಯವರೆಗೆ ಚೆನ್ನಾಗಿ ಓಡಾಡುತ್ತಿದ್ದ ನಾಯಿಯ ಕಾಲು ಇಂದು ಇದ್ದಕ್ಕಿದ್ದಂತೆ ಬಿದ್ದುಹೋದರೆ ಅದು ಮುಪ್ಪಲ್ಲ, ಬೆನ್ನುಹುರಿಯ ತೊಂದರೆ ಇರಬಹುದು. ಅಂದೇ ಡಾಕ್ಟರ ಬಳಿ ಓಡಬೇಕು.

ಬೈದು ಮುಗಿಸಿದ ಮೇಲೆ ಅದೇ ಡಾಕ್ಟರು ಮನೆಗೆ ಬಂದು ನೋಡಿ, "ಅರ್ಧ ರೋಗ ಇದರ ಕಾಲಿನಲ್ಲಿಲ್ಲ ಬೆನ್, ನಿಮ್ಮ ನೆಲದಲ್ಲಿದೆ" ಎಂದರು. ನಮ್ಮದು ಕನ್ನಡಿಯಂತೆ ಹೊಳೆಯುವ ಟೈಲ್ಸ್. ಅಶಕ್ತ ಕಾಲಿನ ನಾಯಿಗೆ ಅದು ಎಣ್ಣೆ ಸುರಿದ ನೆಲವಿದ್ದಂತೆ. ಬಾಗಿಲಿನಿಂದ ನೀರಿನ ಬಟ್ಟಲಿನವರೆಗೆ, ಅಲ್ಲಿಂದ ಬಾಲ್ಕನಿಯವರೆಗೆ ಮಗಳು ಬಿಟ್ಟುಹೋಗಿದ್ದ ಯೋಗಾ ಮ್ಯಾಟನ್ನು ಕತ್ತರಿಸಿ ಹಾಸಿದೆ, ಸಾಲದ್ದಕ್ಕೆ ರಬ್ಬರಿನ ಕಾಲೊರೆಸು ಹಾಕಿದೆ. ಉಗುರು ಕತ್ತರಿಸಿದೆವು, ಪಾದದ ಮೆತ್ತೆಗಳ ನಡುವೆ ಬೆಳೆದ ಕೂದಲು ತೆಗೆದೆವು. ನಂಬಿದರೆ ನಂಬಿ, ಮರುದಿನ ಕಾಳಿಯೊ ತಾನಾಗಿ ಎದ್ದು, ಓಲಾಡುತ್ತ, ಆ ಮ್ಯಾಟಿನ ದಾರಿ ಹಿಡಿದು ಬಾಲ್ಕನಿಗೆ ಹೋಗಿ ಕೆಳಗಿನ ಗೇಟನ್ನು ನೋಡುತ್ತ ನಿಂತಿತು. ನಮ್ಮ ಮನೆಯವರು ಪೇಪರ್ ಕೆಳಗಿಟ್ಟು, "ಅಲ್ನೋಡ, ಡ್ಯೂಟಿಗೆ ಹೊಂಟಾನ" ಎಂದರು.

ಅಲ್ಲಿಂದ ನನ್ನ ವಿದ್ಯಾಭ್ಯಾಸ ಶುರುವಾಯಿತು. ಹಿಂಭಾಗವನ್ನು ಎತ್ತಿ ಹಿಡಿಯಲು ಒಂದು ಜೋಲಿ ಬೇಕು. ನನ್ನ ಹಳೆಯ ಇಳಕಲ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಹಿಂದೊಡೆಯ ಮುಂದೆ ಹೊಟ್ಟೆಯಡಿ ಹಾಯಿಸಿ, ಎರಡು ತುದಿಗಳನ್ನು ಬೆನ್ನ ಮೇಲೆ ಕೂಡಿಸಿ ಹಿಡಿದರೆ ನಾಯಿ ಮುಂಗಾಲಿನಲ್ಲಿ ನಡೆಯುತ್ತದೆ, ಹಿಂಗಾಲಿನ ಭಾರ ನಮ್ಮ ಕೈಯಲ್ಲಿರುತ್ತದೆ. ಗಂಡುನಾಯಿಯಾದರೆ ಮೂತ್ರದ ಜಾಗ ಒತ್ತದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಪಾಪ, ಹೊರಗೆ ಹೋದ ಕೆಲಸವೇ ಆಗುವುದಿಲ್ಲ! ಮಗಳು ಆಮೇಲೆ ಹಿಡಿಕೆಯಿರುವ ಬೆಲ್ಟು ಕಳಿಸಿದಳು. ಅದು ಚೆನ್ನಾಗಿಯೇ ಇತ್ತು, ಆದರೆ ಮೈಗೆ ಉಜ್ಜದ ಮಟ್ಟಿಗೆ ನನ್ನ ಸೀರೆಯೇ ಮೇಲು.

ಮೆಟ್ಟಿಲೇ ದೊಡ್ಡ ಸಮಸ್ಯೆ. ನಮ್ಮಲ್ಲಿ ಲಿಫ್ಟಿಲ್ಲ, ಕಾಳಿಯೊ ಹತ್ತೊಂಬತ್ತು ಕಿಲೊ. ದಪ್ಪ ಬೆಡ್‌ಶೀಟಿನಲ್ಲಿ ಮಲಗಿಸಿ, ಒಂದು ತುದಿ ನಮ್ಮ ಮನೆಯವರು, ಇನ್ನೊಂದು ತುದಿ ಚೌಕೀದಾರ್ ಕಾಕಾ, ದಿನಕ್ಕೆ ಎರಡು ಸಲ ಪಲ್ಲಕ್ಕಿ ಉತ್ಸವ. ತೂಕ ಇಳಿಸಲೇಬೇಕು ಎಂದರು ಡಾಕ್ಟರು, ಒಂದೊಂದು ಕಿಲೊ ಹೆಚ್ಚಿದರೂ ಅದು ಆ ಸೊಂಟದ ಮೇಲೆ ಹೇರಿದ ಹೊರೆ. ರೋಟ್ಲಿ ಕಡಿಮೆ ಮಾಡಿ ಮಾಂಸಖಂಡ ಉಳಿಯುವಂಥದ್ದು ಕೊಡಿ, ಮೊಟ್ಟೆ ಕೊಡಿ ಎಂದರು. ನಮ್ಮ ಮನೆಗೆ ಮೊಟ್ಟೆ ಬಂದದ್ದೇ ಇಲ್ಲ, ನಮ್ಮ ಸೊಸೈಟಿಯಂತೂ ನಿಮಗೆ ಗೊತ್ತೇ ಇದೆ. ಬಾಲ್ಕನಿಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ, ಸಿಪ್ಪೆಯನ್ನು ನಾಲ್ಕು ಪದರ ಪೇಪರಿನಲ್ಲಿ ಸುತ್ತಿ ಕತ್ತಲಾದ ಮೇಲೆ ಎಸೆದು ಬರುವುದು! ಕಳ್ಳಸಾಗಣೆದಾರರಿಗೂ ಇಷ್ಟು ಎದೆ ಹೊಡೆದುಕೊಳ್ಳಲಿಕ್ಕಿಲ್ಲ. ಅತ್ತೆಯವರು ಬದುಕಿದ್ದರೆ ಏನೆನ್ನುತ್ತಿದ್ದರೋ. ಬಹುಶಃ ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ "ತಿಂತೇನು ಅದು?" ಎಂದು ಕೇಳುತ್ತಿದ್ದರು. ಒಂದು ಮಾತು: ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟ್ ನಾಯಿಗೆ ವಿಷ. ಒಗ್ಗರಣೆ ಹಾಕಿದ ಅನ್ನ ಮಿಕ್ಕಿತೆಂದು ಹಾಕುವವರು ಇದನ್ನು ನೆನಪಿಡಬೇಕು.

ಮಲಗಿಯೇ ಇರುವ ಪ್ರಾಣಿಗೆ ಸೊಂಟದಲ್ಲಿ, ಮೊಣಕೈಯಲ್ಲಿ ಹುಣ್ಣಾಗುತ್ತದೆ, ಹಾಸಿಗೆ ಹಿಡಿದ ಅಜ್ಜ ಅಜ್ಜಿಯರಿಗೆ ಆಗುವಂತೆಯೇ. ಕೌದಿಯ ಕೆಳಗೆ ದಪ್ಪ ಫೋಮ್ ಹಾಕಿ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒದ್ದೆಯಾದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಮಳೆಗಾಲದಲ್ಲಿ ಸಣ್ಣ ಗಾಯಕ್ಕೂ ನೊಣ ಕೂತು ಎರಡೇ ದಿನದಲ್ಲಿ ಹುಳು ಬೀಳುತ್ತದೆ, ಹಾಗಾಗಿ ದಿನಕ್ಕೊಮ್ಮೆ ಮೈಯೆಲ್ಲ ತಡವಿ ನೋಡಬೇಕು. ಬೆಳಿಗ್ಗೆ ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಶಾಖ ಕೊಟ್ಟು, ಹಿಂಗಾಲುಗಳನ್ನು ಸೈಕಲ್ ತುಳಿಯುವಂತೆ ಮೆಲ್ಲಗೆ ಹತ್ತು ಹದಿನೈದು ಸಲ ಆಡಿಸುತ್ತಿದ್ದೆ. ಒಂದು ದಿನ ಅವಸರದಲ್ಲಿ ಜೋರಾಗಿ ಎಳೆದಾಗ ಕಾಳಿಯೊ ನನ್ನ ಕೈಯನ್ನು ಹಲ್ಲಿನಿಂದ ಹಿಡಿಯಿತು. ಕಚ್ಚಲಿಲ್ಲ, ಹಿಡಿಯಿತು ಅಷ್ಟೆ. ನಾಯಿಗಳು ನೋವೆಂದು ಅಳುವುದು ಕಡಿಮೆ. ರಾತ್ರಿ ಸುಮ್ಮಸುಮ್ಮನೆ ಏದುಸಿರು ಬಿಡುವುದು, ಒಂದೇ ಜಾಗ ನೆಕ್ಕುವುದು, ಇದ್ದಕ್ಕಿದ್ದಂತೆ ಸಿಡುಕುವುದು, ಇವೇ ಅವುಗಳ ಅಳು.

ನಮ್ಮೂರಿನ ಬೇಸಿಗೆಯ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. 2016ರ ಮೇ 20ರಂದು ಇಲ್ಲಿ 48 ಡಿಗ್ರಿ ಏರಿತ್ತು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಆರೋಗ್ಯವಂತ ನಾಯಿ ಬಿಸಿಲು ಬಂದರೆ ಎದ್ದು ನೆರಳಿಗೆ ಹೋಗುತ್ತದೆ. ಏಳಲಾಗದ ನಾಯಿ, ನಾವು ನೆರಳಿನಲ್ಲಿ ಮಲಗಿಸಿದ ಜಾಗಕ್ಕೆ ಒಂದು ಗಂಟೆಯಲ್ಲಿ ಬಿಸಿಲು ಬಂದರೆ, ಅಲ್ಲೇ ಬೇಯುತ್ತದೆ. ಒದ್ದೆ ಗೋಣಿಚೀಲ, ಕತ್ತು ಚಾಚಿದರೆ ಸಿಗುವಷ್ಟು ಹತ್ತಿರ ನೀರು, ಮತ್ತು ಸೂರ್ಯ ಎಲ್ಲಿದ್ದಾನೆಂಬ ಲೆಕ್ಕ, ಈ ಮೂರನ್ನು ನಾನು ಮಾರ್ಚ್‌ನಿಂದ ಜೂನ್‌ವರೆಗೆ ತಪ್ಪಿಸುತ್ತಿರಲಿಲ್ಲ. ರಸ್ತೆಗೆ ಇಳಿಸುವ ಮುನ್ನ ಅಂಗೈಯ ಹಿಂಭಾಗವನ್ನು ಡಾಂಬರಿನ ಮೇಲಿಟ್ಟು ನೋಡಿ. ನಿಮ್ಮ ಕೈಗೆ ತಾಳದಿದ್ದರೆ ಅದರ ಪಾದಕ್ಕೂ ತಾಳುವುದಿಲ್ಲ.

ಇಷ್ಟೆಲ್ಲ ಓದಿ ನೀವು ಕೇಳಬಹುದು, ಆಂಟಿ, ಇದು ಬದುಕಿಸಿಡುವ ಮಾತಾಯಿತು, ಅದಕ್ಕೆ ಸಂತೋಷ ಎಲ್ಲಿಂದ? ನನಗೂ ಇದೇ ಚಿಂತೆಯಿತ್ತು. ಮಗಳು ಕೇಳಿ ತಿಳಿದುಕೊಂಡು ಒಂದು ಲೆಕ್ಕ ಕಳಿಸಿದಳು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಎಂಬಾಕೆ ಮುದಿ ಹಾಗೂ ಕಾಯಿಲೆಯ ಪ್ರಾಣಿಗಳಿಗಾಗಿ ಏಳು ಪ್ರಶ್ನೆಗಳ ಪಟ್ಟಿ ಮಾಡಿದ್ದಾರೆ. ನೋವು ಹತೋಟಿಯಲ್ಲಿದೆಯೇ, ಹಸಿವು ಇದೆಯೇ, ನೀರು ಸಾಕಷ್ಟು ಹೋಗುತ್ತಿದೆಯೇ, ಶುಚಿಯಾಗಿದೆಯೇ, ಸಂತೋಷವಾಗಿದೆಯೇ, ಓಡಾಡುತ್ತದೆಯೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ. ಒಂದೊಂದಕ್ಕೆ ಹತ್ತರಲ್ಲಿ ಅಂಕ. ಒಟ್ಟು ಮೂವತ್ತೈದಕ್ಕಿಂತ ಮೇಲಿದ್ದರೆ ಬದುಕು ಸಹ್ಯವಾಗಿದೆ ಎಂದು ತಿಳಿಯಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಪೆನ್ಸಿಲ್ ಹಿಡಿದು ಕೂತು ಕಾಳಿಯೊಗೆ ಅಂಕ ಹಾಕಿದೆ. ಓಡಾಟಕ್ಕೆ ಒಂದು ಕೊಟ್ಟೆ, ಅದೂ ಧಾರಾಳವಾಗಿ. ಉಳಿದದ್ದು ಕೂಡಿಸಿದರೆ ನಲವತ್ತು ದಾಟಿತು! ಅಂದರೆ ನಾವೆಲ್ಲ "ಅಯ್ಯೋ ಪಾಪ, ನಡೆಯಲಾರದು" ಎಂದು ಮರುಗುತ್ತಿದ್ದ ವಿಷಯ ಏಳರಲ್ಲಿ ಒಂದು ಮಾತ್ರ. ಉಳಿದ ಆರರಲ್ಲಿ ಬಹುಪಾಲು ನನ್ನ ಕೈಯಲ್ಲೇ ಇದ್ದವು.

ಸಂತೋಷ ಎಂಬ ಕಲಮಿಗೆ ಅಂಕ ಹೆಚ್ಚಿಸಲು ಹೊರಟೆ. ಮೊದಲು ಒಂದು ಚೆಂಡು ತಂದೆ. ಚೆಂಡು ಉರುಳಿಸಿದರೆ ಕಾಳಿಯೊ ಚೆಂಡನ್ನು ನೋಡುವುದು ಬಿಟ್ಟು, ಇವಳಿಗೇನಾಗಿದೆ ಎಂಬಂತೆ ನನ್ನನ್ನೇ ನೋಡಿತು. ಬೀದಿಯಲ್ಲಿ ಬೆಳೆದ ನಾಯಿಗೆ ಆಟಿಕೆ ಎಂದರೇನು ಗೊತ್ತು? ಅದಕ್ಕೆ ಗೊತ್ತಿದ್ದದ್ದು ಮೂಗು ಮತ್ತು ಗೇಟು. ನಾಯಿಯ ಮೂಗು ನಮ್ಮದಕ್ಕಿಂತ ಎಷ್ಟೋ ಪಟ್ಟು ಸೂಕ್ಷ್ಮ, ನಮಗೆ ಪೇಪರ್ ಇದ್ದಂತೆ ಅದಕ್ಕೆ ವಾಸನೆ. ಹಳೆಯ ಸೀರೆಯ ಮಡಿಕೆಗಳಲ್ಲಿ ಮೊಟ್ಟೆಯ ಚೂರು, ಬಾಜ್ರಾ ರೊಟ್ಟಿಯ ಚೂರು ಅಡಗಿಸಿ ಮುಂದಿಟ್ಟರೆ ಇಪ್ಪತ್ತು ನಿಮಿಷ ಮೂಗಿನಿಂದ ಬಿಡಿಸಿ ಬಿಡಿಸಿ ತಿನ್ನುತ್ತಿತ್ತು, ಆಮೇಲೆ ಓಡಿ ದಣಿದವರಂತೆ ತೃಪ್ತಿಯಿಂದ ಮಲಗುತ್ತಿತ್ತು. ನಾನು ಮಾರ್ಕೆಟ್ಟಿನಿಂದ ಬಂದರೆ ಚೀಲವನ್ನು ನೇರವಾಗಿ ಅಡುಗೆಮನೆಗೆ ಒಯ್ಯುವಂತಿರಲಿಲ್ಲ, ಮೊದಲು ಅದರ ಮುಂದಿಟ್ಟು ಮೆಂತ್ಯದ ಸೊಪ್ಪಿನಿಂದ ಹಿಡಿದು ಎಲ್ಲದರ ತಪಾಸಣೆ ಆಗಬೇಕು. ನಿಮ್ಮ ಚಪ್ಪಲಿಗಳ ವಿಷಯವೂ ಇದೇ. ನಲವತ್ತು ಚಪ್ಪಲಿಗಳೆಂದರೆ ಅದಕ್ಕೆ ಅಹಮದಾಬಾದಿನ ಎಲ್ಲ ಬಡಾವಣೆಗಳ ವಾರದ ಸುದ್ದಿ.

2023ರಲ್ಲಿ ಕಿವಿಯೂ ಹೋಯಿತು. ದೀಪಾವಳಿಯ ಪಟಾಕಿಗೆ ಹಿಂದೆ ಹಾಸಿಗೆಯಡಿ ಸೇರಿ ನಡುಗುತ್ತಿದ್ದದ್ದು ಆ ವರ್ಷ ನೆಮ್ಮದಿಯಾಗಿ ಗೊರಕೆ ಹೊಡೆಯಿತು. ಆದರೆ ಮಗಳು ಫೋನಿನಲ್ಲಿ ಕೂಗುವ "ಕಾಳಿಯೋ..." ಎಂಬ ದನಿಯೂ ಅದಕ್ಕೆ ಕೇಳದಾಯಿತು. ಅವಳು ಫೋನಿನಲ್ಲೇ ಅತ್ತಳು. ನನಗೆ ಆಗ ಕರುಣೆಗಿಂತ ಸಿಟ್ಟು ಬಂತು, ನಿಜ ಹೇಳುತ್ತೇನೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒದ್ದೆ ಬಟ್ಟೆ ಬದಲಿಸುವವಳು ನಾನು, ನನ್ನ ಮೊಣಕಾಲಿಗೆ ಯಾರು ಅಳುತ್ತಾರೆ ಎಂದುಬಿಟ್ಟೆ. ಎರಡು ದಿನ ಇಬ್ಬರೂ ಫೋನ್ ಮಾಡಲಿಲ್ಲ. ಮೂರನೆಯ ದಿನ ಒಂದು ಕೊರಿಯರ್ ಬಂತು. ಒಳಗೆ ಅವಳು ಒಂದು ವಾರ ತೊಟ್ಟು ಒಗೆಯದ ಟೀ-ಶರ್ಟು, ಜೊತೆಗೆ ನನಗೆ ಮೊಣಕಾಲಿನ ಪಟ್ಟಿ. ಟೀ-ಶರ್ಟನ್ನು ಕೌದಿಯ ಮೇಲೆ ಹಾಕಿದೆ. ಕಾಳಿಯೊ ಮೂಗು ಅದರೊಳಗೆ ತೂರಿಸಿ ಬಾಲವನ್ನು ಫಟಫಟ ಎಂದು ನೆಲಕ್ಕೆ ಬಡಿದ ಸದ್ದು ಒಳಕೋಣೆಯವರೆಗೆ ಕೇಳಿಸಿತು. ಅಲ್ಲಿಂದ ಮುಂದೆ ಎರಡು ವಾರಕ್ಕೊಮ್ಮೆ ಪುಣೆಯಿಂದ ಕೊಳೆ ಟೀ-ಶರ್ಟು ಬರುತ್ತಿತ್ತು, ನಾನು ಒಗೆದದ್ದು ಹೋಗುತ್ತಿತ್ತು. ಇಂಥ ಧೋಬಿ ವ್ಯವಹಾರ ಕೊರಿಯರ್ ಕಂಪನಿಯವರೂ ಕಂಡಿರಲಿಕ್ಕಿಲ್ಲ.

ಗಾಲಿಗಾಡಿಯ ಯೋಚನೆ ನಮ್ಮ ಮನೆಯವರದು. ಪಿವಿಸಿ ಪೈಪು, ಹಳೆಯ ಮಕ್ಕಳ ಗಾಡಿಯ ಎರಡು ಚಕ್ರ, ಸೊಂಟಕ್ಕೆ ಮೆತ್ತನೆಯ ಪಟ್ಟಿ. ಹಿಂಭಾಗ ಗಾಡಿಯ ಮೇಲೆ ತೂಗುತ್ತದೆ, ಮುಂಗಾಲು ನಡೆಯುತ್ತವೆ. ಅಳತೆ ಸರಿಯಾಗುವವರೆಗೆ ಮೂರು ಸಲ ಪೈಪು ಕತ್ತರಿಸಬೇಕಾಯಿತು. ಮೊದಲ ವಾರ ಐದೈದು ನಿಮಿಷ ಮಾತ್ರ, ಅದರಲ್ಲಿ ಮಲಗಲು ಆಗುವುದಿಲ್ಲವಾದ್ದರಿಂದ ಒಂದು ಕ್ಷಣವೂ ಒಂಟಿಯಾಗಿ ಬಿಡುವಂತಿಲ್ಲ. ಮೊದಲ ದಿನ ಕಾಳಿಯೊ ವಿಗ್ರಹದಂತೆ ನಿಂತುಬಿಟ್ಟಿತು. ಎರಡನೆಯ ದಿನವೂ ಹಾಗೆಯೇ. ಮೂರನೆಯ ಸಂಜೆ ಪಕ್ಕದ ಸೊಸೈಟಿಯ ಬೆಕ್ಕೊಂದು ಕಂಪೌಂಡ್ ಹಾರಿತು ನೋಡಿ! ಚಕ್ರಗಳು ಗಡಗಡ ಎನ್ನುತ್ತ ಕಾಳಿಯೊ ಪಾರ್ಕಿಂಗಿನ ತುಂಬ ಓಡಿತು, ಹಿಂದೆ ನಾನು, ನನ್ನ ಹಿಂದೆ ಚೌಕೀದಾರ್ ಕಾಕಾ. ಬೆಕ್ಕು ಗೋಡೆಯ ಮೇಲೆ ಕೂತು ನಮ್ಮ ಮೂವರನ್ನೂ ನೋಡಿತು. ಅಂದಿನಿಂದ ಸಂಜೆ ಆರೂವರೆಯಿಂದ ಏಳರವರೆಗೆ ಗೇಟಿನ ಬಳಿ ಅದರ ಡ್ಯೂಟಿ ಮತ್ತೆ ಶುರುವಾಯಿತು. ಹಳೆಯ ಗೆಳೆಯರಾದ ಬೀದಿನಾಯಿಗಳು ಬಂದು ಮೂಸಿ, ಚಕ್ರವನ್ನೂ ಮೂಸಿ ಹೋಗುತ್ತಿದ್ದವು.

ಎಲ್ಲರಿಗೂ ಇದು ಇಷ್ಟವಾಯಿತೆಂದು ಹೇಳಲಾರೆ. ಸೊಸೈಟಿಯ ಮೀಟಿಂಗಿನಲ್ಲಿ ದೂರು ಬಂತು, ಮೆಟ್ಟಿಲು ನಾರುತ್ತದೆ, ಪಾಂಜರಾಪೋಳಕ್ಕೆ ಕಳಿಸಿ ಎಂದರು. ಸಾಕುಪ್ರಾಣಿಯನ್ನು ಹೊರಹಾಕಲು ಸೊಸೈಟಿಗೆ ಅಧಿಕಾರವಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ, ಮಗಳು ಅದರ ಪ್ರತಿ ಕಳಿಸಿದ್ದಳು. ಆದರೆ ಕಾಯ್ದೆ ನಮ್ಮ ಕಡೆ ಇದ್ದ ಹಾಗೆ ಮೆಟ್ಟಿಲ ಮೇಲಿನ ಮೂತ್ರವೂ ನಮ್ಮದೇ ಆಗಿತ್ತಲ್ಲ! ಆ ಪ್ರತಿಯನ್ನು ಪರ್ಸಿನಿಂದ ತೆಗೆಯಲೇ ಇಲ್ಲ. ನಾಳೆಯಿಂದ ದಿನಕ್ಕೆರಡು ಸಲ ಮೆಟ್ಟಿಲನ್ನು ನಾನೇ ಫಿನಾಯಿಲ್ ಹಾಕಿ ತೊಳೆಯುತ್ತೇನೆ ಎಂದೆ, ತೊಳೆದೆ. ದೂರು ಕೊಟ್ಟ ಮಾಸಿಯೇ ಎರಡು ತಿಂಗಳ ನಂತರ ಹಳೆಯ ಗೋದಡಿಯೊಂದನ್ನು ತಂದುಕೊಟ್ಟರು.

ನೂರು ವರ್ಷದ ಹಿಂದೆ ಇದೇ ಊರಿನಲ್ಲಿ ನಾಯಿಗಳ ಬಗ್ಗೆ ದೊಡ್ಡ ಜಗಳವೇ ನಡೆದಿತ್ತು, ನಿಮಗೆ ಗೊತ್ತೇ? 1926ರಲ್ಲಿ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಅರವತ್ತು ಬೀದಿನಾಯಿಗಳನ್ನು ಕೊಲ್ಲಿಸಿದರು. ಜೀವದಯೆಯ ನಾಡಿನಲ್ಲಿ ಹಾಹಾಕಾರವೆದ್ದಿತು. ಸಾಬರಮತಿ ಆಶ್ರಮದಲ್ಲಿದ್ದ ಗಾಂಧೀಜಿ, ಬೇರೆ ದಾರಿಯಿರಲಿಲ್ಲ ಎಂಬರ್ಥದ ಮಾತು ಬರೆದಾಗ ಅವರಿಗೂ ಕೋಪದ ಪತ್ರಗಳು ಬಂದವು. ಅವರು 'ಯಂಗ್ ಇಂಡಿಯಾ'ದಲ್ಲಿ ವಾರವಾರವೂ ಉತ್ತರ ಬರೆದರು. ಕೊಲ್ಲುವ ವಿಷಯದಲ್ಲಿ ನನ್ನ ಮನಸ್ಸು ಅವರೊಂದಿಗೆ ಪೂರ್ತಿ ಒಪ್ಪುವುದಿಲ್ಲ. ಈಗ ಲಸಿಕೆಯಿದೆ, ಸಂತಾನಹರಣ ಶಸ್ತ್ರಚಿಕಿತ್ಸೆಯಿದೆ, ಅದಕ್ಕೆ 2023ರ ನಿಯಮಗಳಿವೆ. ಆದರೆ ಅವರು ಹೇಳಿದ ಇನ್ನೊಂದು ಮಾತು ನನ್ನನ್ನು ಚುಚ್ಚಿತು. ಬೀದಿನಾಯಿಗೆ ಒಂದು ತುಂಡು ಎಸೆದು ಪುಣ್ಯ ಬಂತೆಂದುಕೊಳ್ಳುವುದು ದಯೆಯಲ್ಲ, ಸಾಕುವುದಾದರೆ ಸರಿಯಾಗಿ ಸಾಕಿ, ಹೊಣೆ ಹೊತ್ತುಕೊಳ್ಳಿ ಎಂಬುದು ಅದರ ತಾತ್ಪರ್ಯ. ಎಂಟು ವರ್ಷ ನಾನೂ ಕಾಳಿಯೊಗೆ ಕೊನೆಯ ರೋಟ್ಲಿ ಎಸೆದವಳೇ. ನಿಮ್ಮಲ್ಲಿ ಎಷ್ಟೋ ಜನ ಮಳೆಯಲ್ಲಿ ನೆನೆದ ಮರಿಯನ್ನು ಎತ್ತಿಕೊಂಡು ಮನೆಗೆ ಬರುತ್ತೀರಿ, ಒಳ್ಳೆಯದು. ಆದರೆ ಅದಕ್ಕೆ ಹದಿಮೂರು ತುಂಬಿದಾಗ ನೀವು ಬೆಂಗಳೂರಿನಲ್ಲೋ ಟೊರಾಂಟೋದಲ್ಲೋ ಇರುತ್ತೀರಿ. ಅದನ್ನು ಮೆಟ್ಟಿಲಿಳಿಸುವ ಬೆಡ್‌ಶೀಟಿನ ಇನ್ನೊಂದು ತುದಿ ಯಾರ ಕೈಯಲ್ಲಿರುತ್ತದೆ ಎಂದು ತಂದ ದಿನವೇ ಅಮ್ಮನ ಹತ್ತಿರ ಕೂತು ಮಾತಾಡಿ. ದೂರವಿದ್ದೂ ಮಾಡಬಹುದಾದದ್ದು ಬಹಳವಿದೆ, ಕೊಳೆ ಟೀ-ಶರ್ಟಿನ ಉದಾಹರಣೆ ಕೊಟ್ಟಿದ್ದೇನೆ. ಡಾಕ್ಟರ ಫೀಸು ಕಳಿಸುವುದೂ ಒಂದು.

ಧಾರವಾಡದಿಂದ ಬಂದ ನಮ್ಮ ಬಂಧುಗಳೊಬ್ಬರು ನಾಯಿಗೆ ಡಯಾಪರ್ ಕಟ್ಟುವುದನ್ನು ನೋಡಿ, "ಏನವ್ವಾ, ಬೀದಿನಾಯಿಗೆ ಇಷ್ಟೆಲ್ಲಾ ಉಪಚಾರ? ನಮ್ಮ ಕಡೆ ಹಿಂಗ ಯಾರೂ ಮಾಡಂಗಿಲ್ಲ" ಎಂದರು. ನಮ್ಮ ಕಡೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ಒಂದು ಶಾಸನ ಸಿಕ್ಕಿದೆ, ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಗಂಗರ ಬೂತುಗ, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಒಂದು ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಗಾಗಿ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಣ್ಣುವ ಪೂಜಾರಿಗೆ ಪಾಪ ತಟ್ಟಲಿ ಎಂದೂ ಬರೆಸಿದರು. ಹಂದಿಯೊಡನೆ ಸೆಣಸುವ ನಾಯಿಯ ಚಿತ್ರವಿರುವ ಆ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಜೆಗೆ ಹೋದಾಗ ಮಾಲುಗಳಿಂದ ಬಿಡುವಾದರೆ ನೋಡಿ ಬನ್ನಿ. ಅಕ್ಷರ ನಿಮಗೆ ಓದಲಾಗುವುದಿಲ್ಲ, ನನಗೂ ಆಗುವುದಿಲ್ಲ, ಅದಕ್ಕೆ ನನ್ನ ತರಗತಿಯನ್ನು ದೂರಬೇಡಿ! ಅಂದಹಾಗೆ ಆ ನಾಯಿಯ ಹೆಸರು ಕಾಳಿ. ಇದನ್ನು ಹೇಳಿದಾಗ ನಮ್ಮ ಬಂಧುಗಳು, "ಅದು ಹಂದೀ ಜೋಡಿ ಬಡಿದಾಡಿತ್ತು, ಇದು ಏನ್ ಮಾಡ್ಯದ?" ಎಂದರು. ಏನೂ ಮಾಡಿಲ್ಲ, ನಿಜವೇ. ಎಂಟು ವರ್ಷ ಗೇಟು ಕಾದಿದೆ.

ಕೊನೆಯ ಮಾತನ್ನೂ ಹೇಳಿಬಿ‍ಡುತ್ತೇನೆ, ಮುಚ್ಚಿಡುವುದು ಸರಿಯಲ್ಲ. ಪ್ರತಿ ರಾತ್ರಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೆ ಒಂದು ಗೆರೆ, ಕೆಟ್ಟ ದಿನಕ್ಕೆ ಒಂದು ಸೊನ್ನೆ ಹಾಕುತ್ತಿದ್ದೆ. 2025ರ ಜನವರಿಯಲ್ಲಿ, ಉತ್ತರಾಯಣದ ನಂತರ, ಸೊನ್ನೆಗಳು ಹೆಚ್ಚತೊಡಗಿದವು. ಮೂತ್ರಪಿಂಡ ಕೈಕೊಟ್ಟಿತ್ತು. ಸೀರೆಯ ಮಡಿಕೆಯಲ್ಲಿಟ್ಟ ಮೊಟ್ಟೆಯನ್ನು ಮೂಸಿ ಹಾಗೆಯೇ ಬಿಟ್ಟಿತು. ಗಾಡಿ ತಂದರೆ ಮುಖ ತಿರುಗಿಸಿತು. ಮತ್ತೆ ಏಳು ಪ್ರಶ್ನೆಗಳಿಗೆ ಅಂಕ ಹಾಕಿದೆ, ಎಷ್ಟು ಎಳೆದಾಡಿದರೂ ಹದಿನಾಲ್ಕು ದಾಟಲಿಲ್ಲ. ಹದಿನಾಲ್ಕನ್ನು ಕಂಡ ಮೇಲೂ ನಾಲ್ಕು ದಿನ ತಡಮಾಡಿದೆ. ಅದು ನನಗಾಗಿ, ಅದಕ್ಕಾಗಿ ಅಲ್ಲ. ಆ ನಾಲ್ಕು ದಿನಗಳ ಬಗ್ಗೆ ನನಗೆ ಈಗಲೂ ಸಮಾಧಾನವಿಲ್ಲ.

ಮಗಳಿಗೆ ಫೋನ್ ಮಾಡಿದೆ, ರಾತ್ರಿ ರೈಲಿಗೆ ಹೊರಟು ಬೆಳಿಗ್ಗೆ ಬಂದಳು. ಕಾಳಿಯೊಗೆ ಕಿವಿ ಕೇಳುತ್ತಿರಲಿಲ್ಲ, ಕಣ್ಣು ಮಂಜಾಗಿತ್ತು. ಅವಳು ಇನ್ನೂ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಾಗಲೇ ಮೂಗು ಮೇಲೆತ್ತಿತು. ಬಾಲ ಎರಡು ಸಲ ನೆಲಕ್ಕೆ ಬಡಿಯಿತು. ಆ ಸಂಜೆ ಮಗಳು ಬೆಡ್‌ಶೀಟಿನ ಒಂದು ತುದಿ ಹಿಡಿದಳು, ಗೇಟಿನ ಬಳಿ ಅರ್ಧ ಗಂಟೆ ಅದರೊಂದಿಗೆ ನೆಲದ ಮೇಲೆ ಕೂತಳು. ಮರುದಿನ ಡಾಕ್ಟರು ಮನೆಗೇ ಬಂದರು. ಮೊದಲು ನಿದ್ರೆಯ ಇಂಜೆಕ್ಷನ್, ಅದು ಗಾಢವಾದ ಮೇಲೆ ಇನ್ನೊಂದು. ಕೌದಿಯ ಮೇಲೆ, ಟೀ-ಶರ್ಟಿನಲ್ಲಿ ಮೂಗಿಟ್ಟುಕೊಂಡು ಹೋಯಿತು.

ಗಾಲಿಗಾಡಿ ನಮ್ಮ ಬಾಲ್ಕನಿಯಲ್ಲಿದೆ. ಹದಿನೈದರಿಂದ ಇಪ್ಪತ್ತು ಕಿಲೊ ತೂಗುವ ನಾಯಿಗೆ ಸರಿಹೋಗುತ್ತದೆ, ಎಡಗಡೆಯ ಚಕ್ರಕ್ಕೆ ಸ್ವಲ್ಪ ಎಣ್ಣೆ ಬೇಕು. ನಿಮ್ಮ ಸೊಸೈಟಿಯಲ್ಲಿ ಯಾವುದಾದರೂ ಕಾಳಿಯೊ ಇದ್ದರೆ ಯಾವ ಭಾನುವಾರವಾದರೂ ಬಂದು ತೆಗೆದುಕೊಂಡು ಹೋಗಿ, ತರಗತಿ ಹತ್ತೂವರೆಗೆ.